ಅರಗಿನ ಮೂರು ಬಿಲ್ಲೆ

ನನ್ನ ವಾರಗಿತ್ತಿ ನನ್ನ ಬೆಳ್ಳಿ ಕದ್ದಿರಲಿಲ್ಲ. ಅದನ್ನು ಕದ್ದದ್ದು ನನ್ನ ಕೈ. ಹನ್ನೊಂದು ವರ್ಷ ನಾನು ಊರಲ್ಲಿ ಹೇಳಿಕೊಂಡು ಬಂದದ್ದು ಸುಳ್ಳು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಉಳಿದದ್ದು ಆಮೇಲೆ.

ಅವಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮುಖ ಅಲ್ಲ, ಬಲಗೈ ಹೆಬ್ಬೆರಳಿನ ಉಗುರು. ದಪ್ಪಗೆ, ಸ್ವಲ್ಪ ಹಳದಿಗೆ ತಿರುಗಿ, ತುದಿ ಬಾಗಿ ಚಿಪ್ಪಿನ ಹಾಗಿತ್ತು. ಉಳಿದ ಒಂಬತ್ತು ಉಗುರನ್ನು ಬುಡಮಟ್ಟ ಕತ್ತರಿಸುತ್ತಿದ್ದಳು, ಅದೊಂದನ್ನು ಮಾತ್ರ ಬೆಳೆಯಲು ಬಿಡುತ್ತಿದ್ದಳು. ಮದುವೆಯಾಗಿ ಚಳ್ಳಕೆರೆಯ ನಮ್ಮ ಮನೆಗೆ ಬಂದ ದಿನ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತವಳು ನಾನು, ಹಿರೇ ಸೊಸೆ. ತಲೆ ತಗ್ಗಿಸಿ ನಿಂತಿದ್ದ ಮದುಮಗಳು ಆ ಉಗುರಿನಿಂದ ತಟ್ಟೆಯ ಅಂಚನ್ನು ಒಂದು ಸಲ ಮೀಟಿದಳು. ತಟ್ಟೆ ಟಕ್ ಎಂದು ಸುಮ್ಮನಾಯಿತು. ಅದು ಬೆಳ್ಳಿ ತಟ್ಟೆ ಎಂದು ನನ್ನ ಅಪ್ಪ ನನಗೆ ಕೊಟ್ಟು ಕಳಿಸಿದ್ದು. ಬೆಳ್ಳಿ ಹಾಗೆ ಥಟ್ಟನೆ ಸುಮ್ಮನಾಗುವುದಿಲ್ಲ, ಸ್ವಲ್ಪ ಹೊತ್ತು ಉಲಿಯುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಗೊತ್ತಾದ ಆ ದಿನವೇ ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿತು. ಅವಳು ಬೇಕೆಂದು ಮೀಟಿರಲಿಲ್ಲ. ಕೆಲವರಿಗೆ ಸೆರಗು ಎಳೆದುಕೊಳ್ಳುವ ಅಭ್ಯಾಸ ಇರುತ್ತದಲ್ಲ, ಇವಳಿಗೆ ಇದು.

ಅವಳ ತವರು ಮೊಳಕಾಲ್ಮೂರು. ಅಪ್ಪನಿಗೆ ಹಳೇ ಜರಿ ಸೀರೆ ಕೊಳ್ಳುವ ಅಂಗಡಿ. ಉಟ್ಟು ಹರಿದ ರೇಷ್ಮೆ ಸೀರೆಯ ಅಂಚು ಸೆರಗು ಕತ್ತರಿಸಿ ಸುಟ್ಟರೆ ರೇಷ್ಮೆ ಬೂದಿಯಾಗಿ ಜರಿಯ ಬೆಳ್ಳಿ ಉಳಿಯುತ್ತದೆ. ಅದನ್ನು ಕರಗಿಸಿ ಗಟ್ಟಿ ಮಾಡಿಸುವುದು ಅವರ ಕಸುಬು. ಯಾವ ಜರಿ ಅಸಲು, ಯಾವುದು ತಾಮ್ರಕ್ಕೆ ಬಣ್ಣ ಬಳಿದದ್ದು ಎಂದು ಉಗುರಿನಲ್ಲಿ ಎಳೆ ಕಿತ್ತು ನೋಡುತ್ತ ಬೆಳೆದವಳು. ನಾನು ನಾಲ್ಕನೇ ಕ್ಲಾಸು ಓದಿ ದನದ ಹಿಂದೆ ಹೋದವಳು. ದನ ಮೇಯುವ ವರವು ಕಾವಲಿನ ಹುಲ್ಲು ನನಗೆ ಗೊತ್ತು, ಬೆಳ್ಳಿ ಗೊತ್ತಿರಲಿಲ್ಲ.

ಯಾರು ಏನು ಕೇಳಿದರೂ ಅವಳ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು ‘ಚೂದ್ದಾಂ’. ತೆಲುಗಿನಲ್ಲಿ ನೋಡೋಣ ಎಂದು. ಸಾರಿಗೆ ಉಪ್ಪು ಸಾಕಾ ಎಂದರೂ ಚೂದ್ದಾಂ, ಮಳೆ ಬರುತ್ತಾ ಎಂದರೂ ಚೂದ್ದಾಂ. ಕೈಯಲ್ಲಿ ಹಿಡಿದು ನೋಡದೆ ಯಾವುದಕ್ಕೂ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ. ನಮ್ಮ ಬೀದಿಯ ಹೆಂಗಸರು ಕಾಲುಂಗುರ, ಉಡಿದಾರ, ಮಗುವಿನ ಕಡಗ ತಂದು ಅವಳ ಮುಂದೆ ಇಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ನನ್ನ ಮುಂದೆ ಯಾರೂ ಏನೂ ಇಡುತ್ತಿರಲಿಲ್ಲ.

ಒಂದು ಸಲ ಬೀದಿಗೆ ಒಬ್ಬ ಬೆಳ್ಳಿ ಸಾಮಾನಿನವನು ಬಂದ. ಅವಳು ಬಚ್ಚಲಲ್ಲಿದ್ದಳು. ಅವಳು ಹೊರಗೆ ಬರುವುದರೊಳಗೆ ನಾನೇ ವ್ಯಾಪಾರ ಮಾಡಿ ಮುಗಿಸಬೇಕು ಎಂದು ಎರಡು ಚಮಚ ಕೊಂಡುಬಿಟ್ಟೆ. ತೋರಿಸಿದೆ. ಅವಳು ಕುದಿಯುವ ಕಾಫಿಯಲ್ಲಿ ಒಂದು ಚಮಚ ಅದ್ದಿ ಹಿಡಿಯನ್ನು ನನ್ನ ಕೈಗೆ ಕೊಟ್ಟಳು.

‘ಹಿಡ್ಕಂಡಿರಕ್ಕ. ಬಿಸಿ ಆದ್ರೆ ಹೇಳು.’

ಕಾಫಿ ಕೆನೆ ಕಟ್ಟಿತು, ಹಿಡಿ ಬೆಚ್ಚಗಾಗಲಿಲ್ಲ. ಬೆಳ್ಳಿಯಾಗಿದ್ದರೆ ಹಿಡಿದುಕೊಳ್ಳುವುದಕ್ಕೇ ಆಗುತ್ತಿರಲಿಲ್ಲವಂತೆ. ಅವಳು ಆ ಚಮಚದ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿ ನಕ್ಕಿದ್ದರೆ ನಾನು ಒಂದು ದಿನ ಸಿಟ್ಟು ಮಾಡಿ ಮರೆಯುತ್ತಿದ್ದೆನೋ ಏನೋ. ಹೇಳದೇ ಇದ್ದದ್ದೇ ನನ್ನನ್ನು ಸುಟ್ಟಿತು.

ಬೆಳ್ಳಿ ಗಟ್ಟಿಗಳ ಕಥೆಗೆ ಬರುತ್ತೇನೆ. ನಮ್ಮ ಮಾವನವರ ಅಕ್ಕ ಒಬ್ಬಳು ರಾಂಪುರದಲ್ಲಿದ್ದಳು. ನಾವು ದೊಡ್ಡತ್ತೆ ಎನ್ನುತ್ತಿದ್ದೆವು. ಗಂಡ ಇಲ್ಲ, ಮಕ್ಕಳಿಲ್ಲ, ಒಳ್ಳೆ ಹೊಲ ಇತ್ತು. ಆಕೆ ತನ್ನ ಡಾಬು, ಕಡಗ, ಕಾಲುಸರಪಳಿ ಎಲ್ಲವನ್ನೂ ಬಳ್ಳಾರಿಯಲ್ಲಿ ಕರಗಿಸಿ ಗಟ್ಟಿ ಮಾಡಿಸಿದ್ದಳು. ಆಮೇಲೂ ಕೈಗೆ ಕಾಸು ಬಂದಾಗ ಬೆಳ್ಳಿ ತಂದು ಅದೇ ಅಂಗಡಿಯಲ್ಲಿ, ಅದೇ ಅಚ್ಚಿನಲ್ಲಿ ಹುಯ್ಯಿಸಿದಳು. ಅಂಥವು ಆರು ಇದ್ದವು. ಗೇಣಿಗೆ ಕಡಿಮೆ ಉದ್ದ, ಎರಡು ಬೆರಳು ಅಗಲ. ಜೋಳದ ಗುಡಾಣದ ತಳದಲ್ಲಿ ಹೂತಿಡುತ್ತಿದ್ದಳು. ಯಾಕೆ ದೊಡ್ಡತ್ತೆ ಹೀಗೆ ಎಂದು ನಾನು ಕೇಳಿದ್ದೆ.

‘ಒಡವೆ ಆದ್ರೆ ಮದುವೆಗೆ ಹಾಕ್ಕಂತೀನಿ ಕೊಡು ಅಂತ ಎಲ್ಲ ಬರ್ತಾರೆ. ಗಟ್ಟಿ ಯಾವಳು ಕೊರಳಿಗೆ ಕಟ್ಕಂಡು ಹೋಗ್ತಾಳೆ?’ ಎಂದಿದ್ದಳು.

ಒಂದೊಂದು ಗಟ್ಟಿಯ ತುದಿಗೂ ಬಳ್ಳಾರಿ ಅಂಗಡಿಯವರ ಮುದ್ರೆ ಇತ್ತು. ಮಲಗಿದ ನಂದಿ, ಅದರ ಕೆಳಗೆ ಅಂಕಿ. ಆಗ ಒಳಗೆ ಸೀಸ ತುಂಬಿ ಮೇಲೆ ಬೆಳ್ಳಿ ಹೊದಿಸಿದ ಗಟ್ಟಿ ಬಜಾರಿನಲ್ಲಿ ತಿರುಗುತ್ತಿದ್ದ ಕಾಲ. ಮುದ್ರೆ ಇದ್ದರೆ ಯಾರೂ ಕತ್ತರಿಸಿ ನೋಡುವುದಿಲ್ಲ, ಮುದ್ರೆ ನೋಡಿಯೇ ನಂಬುತ್ತಾರೆ ಎಂದು ದೊಡ್ಡತ್ತೆ ನಮ್ಮಿಬ್ಬರಿಗೂ ಹೇಳಿದ್ದಳು. ನನಗೆ ಕನ್ನಡದಲ್ಲಿ ಹೇಳಿದಳು, ಅವಳಿಗೆ ತೆಲುಗಿನಲ್ಲಿ. ಇಬ್ಬರೂ ತೆಲುಗಿಗೆ ಬಿದ್ದರೆಂದರೆ ನಾನು ಆ ಮನೆಯಲ್ಲಿ ಒಂದು ಕಂಬ. ನಗುತ್ತಿದ್ದರು. ಯಾಕೆ ನಕ್ಕರು ಎಂದು ಕೇಳುವುದಕ್ಕೂ ನನಗೆ ಮನಸ್ಸು ಬರುತ್ತಿರಲಿಲ್ಲ. ನನ್ನನ್ನೇ ಆಡಿಕೊಳ್ಳುತ್ತಾರೆ ಎಂದು ಖಾತ್ರಿ ಇದ್ದಮೇಲೆ ಕೇಳುವುದೇನು?

ದೊಡ್ಡತ್ತೆ ತೀರಿಕೊಂಡ ಮೇಲೆ ಆರು ಗಟ್ಟಿ ನಮ್ಮಿಬ್ಬರಿಗೆ ಬಂದವು, ಮೂರು ಮೂರು. ಹಿರಿಯಳೆಂದು ಮೊದಲು ಆರಿಸಿಕೊಂಡವಳು ನಾನು. ಆರಿಸುವುದಕ್ಕೇನೂ ಇರಲಿಲ್ಲ, ಎಲ್ಲವೂ ಒಂದೇ ಅಚ್ಚು, ಎಲ್ಲವೂ ಬಾಣಲಿ ತಳದ ಹಾಗೆ ಕರ್ರಗಿದ್ದವು. ನಮ್ಮ ಯಜಮಾನರು ಆರನ್ನೂ ತೂಗಿಸಿ ಕ್ಯಾಲೆಂಡರಿನ ಹಾಳೆ ಹಿಂದೆ ಬರೆದಿಟ್ಟರು. ಆಗ ವಾರಗಿತ್ತಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

‘ಅಕ್ಕ, ತಿಕ್ಕಬ್ಯಾಡ. ಕರ್ರಗೇ ಇರ್ಲಿ ಬಿಡು.’

ಇವಳಿಗೆ ನನ್ನದು ಹೊಳೆಯುವುದು ಬೇಕಿಲ್ಲ, ಅಷ್ಟೇ. ನಾನು ಹಾಗೇ ಅಂದುಕೊಂಡೆ. ಮುಂದಿನ ಸೋಮವಾರವೇ ಹುಣಸೆಹಣ್ಣು ನೆನೆಹಾಕಿದೆ.

ನಾವು ಶಿವನ ಒಕ್ಕಲು. ಗಟ್ಟಿಯ ಮೇಲೆ ನಂದಿ ಇದ್ದಾನೆ ಎಂದಮೇಲೆ ಅದು ನನಗೆ ಬರೀ ಬೆಳ್ಳಿಯಲ್ಲ. ಪ್ರತಿ ಸೋಮವಾರ ಮೂರನ್ನೂ ಬಚ್ಚಲ ಕಲ್ಲಿನ ಮೇಲಿಟ್ಟು ಹುಣಸೆಹಣ್ಣು, ಜರಡಿ ಹಿಡಿದ ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ತೊಳೆದು, ವಿಭೂತಿಯಲ್ಲಿ ಒರೆಸಿ, ದೇವರ ಜಗಲಿ ಮೇಲೆ ಇಡುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ತಿಕ್ಕುತ್ತಿದ್ದದ್ದು ನಂದಿಯನ್ನು. ಅವನ ಕಾಲ ಸಂದಿಯಲ್ಲಿ ಕಪ್ಪು ನಿಲ್ಲಬಾರದಲ್ಲ. ಅವಳ ಮೂರು ಗಟ್ಟಿ ಹಳೇ ಪಂಚೆ ತುಂಡಿನಲ್ಲಿ ಸುತ್ತಿಕೊಂಡು ಪಕ್ಕದಲ್ಲಿ ಬಿದ್ದಿರುತ್ತಿದ್ದವು. ನನ್ನವು ದೀಪಕ್ಕೆ ಫಳಫಳ ಅನ್ನುತ್ತಿದ್ದವು. ಬಂದವರು ನೋಡಿ ಹೊಗಳಿದರೆ ಅವಳು ಕೇಳುವ ಹಾಗೆ ‘ಕೈ ಸವೆಸಿದ್ರೆ ಬರುತ್ತಮ್ಮ’ ಎನ್ನುತ್ತಿದ್ದೆ. ಏನು ಸವೆಯುತ್ತಿದೆ ಎಂದು ನಾನು ನೋಡಲಿಲ್ಲ.

ಮೂರು ನಾಲ್ಕು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಶೇಂಗಾ ಮಂಡಿಯಿಂದ ಬೇಗ ಬಂದೆ. ಅಡುಗೆಮನೆಯಲ್ಲಿ ಅರಗು ಕಾಸಿದ ವಾಸನೆ. ನೋಡಿದರೆ ನನ್ನ ಮೂರೂ ಗಟ್ಟಿ ನೆಲದ ಮೇಲಿವೆ. ಅವಳು ಒಂದಕ್ಕೆ ಕೆಂಪು ರೇಷ್ಮೆ ದಾರ ಸುತ್ತಿ ಗಂಟು ಹಾಕುತ್ತಿದ್ದಾಳೆ, ಮಗ್ಗುಲಲ್ಲಿ ಒಲೆಯ ಕೆಂಡ, ಒಂದು ಇಕ್ಕಳ. ನನ್ನನ್ನು ಕಂಡು ಮಡಿಲಲ್ಲಿದ್ದ ಏನನ್ನೋ ಸೆರಗಿನೊಳಗೆ ಎಳೆದುಕೊಂಡಳು.

‘ಏನೇ ಮಾಡ್ತಿದೀಯ ನನ್ನ ಗಟ್ಟೀನ?’

‘ಏನಿಲ್ಲಕ್ಕ. ನೋಡ್ತಿದ್ದೆ.’

ಕೆಂಡ, ಇಕ್ಕಳ, ಅರಗು ಇಟ್ಟುಕೊಂಡು ಸುಮ್ಮನೆ ನೋಡುವವರು ಯಾರು? ಕರಗಿಸುವ ಮನೆಯಿಂದ ಬಂದವಳು. ನನ್ನ ಅಸಲು ಗಟ್ಟಿ ತೆಗೆದುಕೊಂಡು ಹಾಗೇ ಕಾಣುವ ಬೇರೆ ಗಟ್ಟಿ ಇಡುವುದಕ್ಕೆ ಅಳತೆ ತೆಗೆದಳು ಎಂದು ನಾನು ತೀರ್ಮಾನ ಮಾಡಿದೆ. ಆಮೇಲೆ ಮುದ್ರೆ ಮಾಸುತ್ತ ಬಂತು. ನಂದಿ ಮೊದಲು ಕೊಂಬು ಕಳೆದುಕೊಂಡ, ಆಮೇಲೆ ಕರುವಿನ ಹಾಗಾದ, ಕೊನೆಗೆ ಒಂದು ಕಲೆಯಾದ. ನನಗೆ ಅದೇ ಸಾಕ್ಷಿಯಾಯಿತು. ಅಸಲು ಮುದ್ರೆ ಹೀಗೆ ಹೋಗುತ್ತದೆಯೇ? ಅವಳ ಗಟ್ಟಿಯದು ಹೋಗಿಲ್ಲವಲ್ಲ?

ಏಳು ಮನೆಯಲ್ಲಿ ಹೇಳಿದೆ. ಎಣಿಸಿ ಹೇಳುತ್ತಿದ್ದೇನೆ, ಏಳು. ನಮ್ಮ ಬೀದಿಯಲ್ಲಿ ಐದು, ಹಿಂದಿನ ಬೀದಿಯಲ್ಲಿ ಎರಡು. ಕಳ್ಳಿ ಎಂಬ ಮಾತನ್ನೇ ಬಳಸಿದೆ. ಅದಾದ ಮೇಲೆ ಅವಳ ಮುಂದೆ ಯಾರೂ ಕಾಲುಂಗುರ ತಂದಿಡಲಿಲ್ಲ. ಅವಳು ಒಬ್ಬಳೇ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ನನಗೆ ಖುಷಿಯಾಗಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ವರ್ಷ ತುಂಬುವುದರೊಳಗೆ ಒಲೆ ಎರಡಾಯಿತು. ನನ್ನ ಮೈದುನ ಹೆಂಡತಿಯನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೋಗಿ ಮಾವನ ಅಂಗಡಿಯಲ್ಲೇ ಕೂತ. ಒಟ್ಟಿಗೆ ಉಂಡು ಬೆಳೆದ ಅಣ್ಣತಮ್ಮ ಮಾತು ಬಿಟ್ಟರು.

ನನ್ನ ಮಗಳಿಗೆ ಮದುವೆ ಗೊತ್ತಾದಾಗ ಗಟ್ಟಿಗಳನ್ನು ತೂಗಿಸಿದೆವು. ಕ್ಯಾಲೆಂಡರ್ ಹಾಳೆಯ ಲೆಕ್ಕಕ್ಕಿಂತ ಒಂದೊಂದೂ ಒಂದು ಕಾಲುಂಗುರದ ತೂಕದಷ್ಟು ಕಡಿಮೆ ಬಂತು. ಇನ್ನೇನು ಬೇಕು ನನಗೆ? ಹೇಳಿರಲಿಲ್ವೇನ್ರಿ ಎಂದು ಗಂಡನ ಮುಂದೆ ಕುಣಿದೆ. ಅವರು ಎಸ್.ಟಿ.ಡಿ. ಬೂತಿಗೆ ಹೋಗಿ ತಮ್ಮನಿಗೆ ಫೋನು ಮಾಡಿದರು. ನಿಮ್ಮ ಮೂರು ಗಟ್ಟಿ ತಗೊಂಡು ಬನ್ನಿ, ಅಕ್ಕಸಾಲಿ ಮುಂದೆ ಪರೀಕ್ಷೆ ಆಗಲಿ, ಕದ್ದದ್ದು ನಿಜವಾದರೆ ಇವತ್ತಿಗೆ ಸಂಬಂಧ ಮುಗಿಯಿತು, ಸುಳ್ಳಾದರೆ ನಿನ್ನ ಅತ್ತಿಗೆ ನಿನ್ನ ಹೆಂಡತಿ ಮುಂದೆ ಬಾಯಿ ಮುಚ್ಚಬೇಕು ಎಂದರಂತೆ.

ಮಾರನೇ ದಿನವೇ ಗಂಡ ಹೆಂಡತಿ ಬಸ್ಸಿಳಿದು ಬಂದರು. ಅವಳ ತಲೆ ನರೆತಿತ್ತು. ಉಗುರು ಹಾಗೇ ಇತ್ತು.

ಅಕ್ಕಸಾಲಿ ವಯಸ್ಸಾದವನು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತಿದ್ದ. ಎರಡು ಕಡೆಯ ಗಟ್ಟಿಯನ್ನೂ ಒರೆಗಲ್ಲಿಗೆ ತೀಡಿ ಆಸಿಡ್ ಹನಿಸಿದ. ಎಲ್ಲವೂ ಬೆಳ್ಳಿಯೇ. ದಾರದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದ. ಎಲ್ಲವೂ ಉಲಿದವು, ಒಳಗೆ ಸೀಸ ಇಲ್ಲ. ತೂಗಿದ. ಅವಳ ಮೂರೂ ಹಾಳೆಯಲ್ಲಿ ಬರೆದಷ್ಟೇ ತೂಗಿದವು, ನಂದಿ ಕೊಂಬಿನ ಸಮೇತ ಕೂತಿದ್ದ. ನನ್ನವಕ್ಕೆ ಮುದ್ರೆಯೂ ಇಲ್ಲ, ತೂಕವೂ ಇಲ್ಲ.

‘ಇವು ನನ್ನವಲ್ಲ. ಇವಳು ನಕಲು ಹುಯ್ಯಿಸಿ ಬದಲಾಯಿಸಿದಾಳೆ. ಅಳತೆ ತೆಗೆಯೋದನ್ನ ನಾನೇ ಕಣ್ಣಾರೆ ಕಂಡೀನಿ,’ ಎಂದೆ.

ಅಕ್ಕಸಾಲಿ ಅವಳ ಕಡೆ ನೋಡಿದ. ಆ ನೋಟ ಚೆನ್ನಾಗಿರಲಿಲ್ಲ. ಬೆಳ್ಳಿ ಹೌದು, ಆದರೆ ಇವು ಬಳ್ಳಾರಿಯ ಆ ಗಟ್ಟಿಗಳೇ ಅಂತ ಹೇಳಕ್ಕೆ ಏನೂ ಗುರುತಿಲ್ಲ ಎಂದ. ಮೈದುನ ತಲೆ ತಗ್ಗಿಸಿದ. ಅವಳು ಮಾತ್ರ ‘ಚೂದ್ದಾಂ’ ಎಂದು ಸೊಂಟದಿಂದ ಒಂದು ಬಟ್ಟೆಗಂಟು ತೆಗೆದಳು.

ಒಳಗೆ ಅರಗಿನ ಮೂರು ಬಿಲ್ಲೆ. ಒಂದೊಂದರಲ್ಲೂ ಮಲಗಿದ ನಂದಿ ಅಚ್ಚೊತ್ತಿ ಕೂತಿದ್ದ, ಕೆಳಗೆ ಅಂಕಿ, ಸುತ್ತ ಗಟ್ಟಿಯ ತುದಿಯ ಅಂಚು. ಪ್ರತಿ ಬಿಲ್ಲೆಗೂ ಗಂಟು ಹಾಕಿದ ಕೆಂಪು ದಾರದ ಒಂದು ಸುತ್ತು ಅಂಟಿತ್ತು. ಅವರ ಅಪ್ಪನ ಮನೆಯ ಪದ್ಧತಿಯಂತೆ ಅದು. ಗಟ್ಟಿಯನ್ನು ಯಾರ ಕೈಗಾದರೂ ಕೊಡುವ ಮೊದಲು ತುದಿಯನ್ನು ಅರಗಿಗೆ ಒತ್ತಿ, ಸುತ್ತಳತೆಗೆ ದಾರ ಕಟ್ಟಿ ಇಟ್ಟುಕೊಳ್ಳುವುದು. ತಿರುಗಿ ಬಂದದ್ದು ಅದೇ ಹೌದೋ ಅಲ್ಲವೋ ಎಂದು ಹೇಳಲು ಅದೊಂದೇ ಸಾಕ್ಷಿ.

ಅಕ್ಕಸಾಲಿ ಒಂದು ಬಿಲ್ಲೆ ಹಿಡಿದು ನನ್ನ ಗಟ್ಟಿಯ ತುದಿಗೆ ಗಾಜು ಇಟ್ಟು ತುಂಬ ಹೊತ್ತು ನೋಡಿದ. ಎರಕ ಹುಯ್ಯುವಾಗ ಗಾಳಿ ಸಿಕ್ಕಿ ಬಿದ್ದ ಒಂದು ಗುಳಿ ಇತ್ತು, ಸಿಡುಬಿನ ಕಲೆಯ ಹಾಗೆ. ಅರಗಿನಲ್ಲಿ ಅದೇ ಜಾಗದಲ್ಲಿ ಅಷ್ಟೇ ದೊಡ್ಡ ಬೊಬ್ಬೆ ಎದ್ದಿತ್ತು. ನಂದಿಯ ಬೆನ್ನಿದ್ದ ಕಡೆ ಆಳಕ್ಕಿದ್ದ ಒಂದು ಗೀರು ನನ್ನ ಗಟ್ಟಿಯಲ್ಲಿ ಇನ್ನೂ ಉಳಿದಿತ್ತು, ಅದೂ ಕೂಡಿತು. ಎರಡನೆಯದು ಕೂಡಿತು, ಮೂರನೆಯದೂ ಕೂಡಿತು. ಕೊನೆಗೆ ದಾರದ ಸುತ್ತನ್ನು ಅರಗಿನಿಂದ ಬಿಡಿಸಿ ಗಟ್ಟಿಗೆ ತೊಡಿಸಿದ. ಕೂತಿತು, ಆದರೆ ಕೂದಲೆಳೆಯಷ್ಟು ಸಡಿಲ.

‘ಅಮ್ಮಾರೇ, ಏನು ಹಾಕಿ ತಿಕ್ತೀರಿ ಇದನ್ನ?’

ಹೇಳಿದೆ.

‘ಇಟ್ಟಿಗೆ ಪುಡಿ?’

‘ಜರಡಿ ಹಿಡಿದು.’

‘ಎಷ್ಟು ವರ್ಷ?’

‘ಹನ್ನೊಂದು. ಸೋಮವಾರ ತಪ್ಪಿಸಿಲ್ಲ.’

‘ಹಂಗಾದ್ರೆ ನಿಮ್ಮ ಬೆಳ್ಳಿ ನಿಮ್ಮ ಬಚ್ಚಲ ಮೋರೀಲೇ ಐತೆ, ಹೋಗಿ ಹುಡುಕ್ರಿ,’ ಎಂದು ಗಾಜು ತೆಗೆದಿಟ್ಟ.

ನಗಬೇಕಾದವರು ಯಾರೂ ನಗಲಿಲ್ಲ. ನಾನು ಸುಮ್ಮನಿರಬೇಕಿತ್ತು, ಆದರೆ ಸೋತ ಬಾಯಿಗೂ ಏನಾದರೂ ಬೇಕಲ್ಲ. ನಿನ್ನ ಗಟ್ಟಿಯ ಅರಗು ಎಲ್ಲಿ, ನನ್ನದರದ್ದು ಮಾತ್ರ ಯಾಕೆ ತೆಗೆದೆ ಎಂದು ಕೇಳಿದೆ.

‘ನನ್ನವಕ್ಕೆ ಯಾಕಕ್ಕ? ನಾನು ತಿಕ್ಕಲ್ಲ,’ ಎಂದಳು. ಆಮೇಲೆ ಮೆಲ್ಲಗೆ, ‘ನಂದಿ ಹೋಗೋ ಮುಂಚೆ ಹಿಡಿದಿಟ್ಟೆ. ಹೇಳಿದ್ರೆ ನೀನು ಒತ್ತಕ್ಕೆ ಬಿಡ್ತಿದ್ದೆಯಾ?’

ಬಿಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಅಣ್ಣತಮ್ಮ ಅವತ್ತೇ ಒಂದಾದರು. ಮಗಳ ಮದುವೆಗೆ ಅವಳು ನಾಲ್ಕು ದಿನ ಮೊದಲೇ ಬಂದು ಹೋಳಿಗೆಗೆ ಹೂರಣ ರುಬ್ಬಿದಳು. ಗಂಡಸರು ಏನೋ ರಾಜಿ ಮಾಡಿಕೊಂಡರು ಎಂದು ಊರಿನವರು ಅಂದುಕೊಂಡರು. ಆ ಏಳು ಮನೆಯವರು ಇವಳನ್ನು ಓರೆಗಣ್ಣಲ್ಲಿ ನೋಡುತ್ತ ಮದುವೆಯ ಊಟ ಉಂಡು ಹೋದರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳಿದರೆ ಅವಳು ಇನ್ನೂ ದೊಡ್ಡವಳಾಗುತ್ತಾಳೆ, ಮೊದಲೇ ಕಸುಬು ಬಲ್ಲವಳು, ಈಗ ಒಳ್ಳೆಯವಳೂ ಆಗಿಬಿಡುತ್ತಾಳೆ, ನನಗೇನು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಕಳ್ಳಿಯಾಗಿದ್ದಾಗ ಅವಳ ಮೇಲೆ ಇದ್ದ ಹೊಟ್ಟೆಕಿಚ್ಚು ಕಳ್ಳಿಯಲ್ಲ ಎಂದು ತಿಳಿದ ಮೇಲೆ ಹೆಚ್ಚಾಯಿತು. ತಿಕ್ಕುವುದನ್ನು ಮಾತ್ರ ಅವತ್ತಿಗೆ ಬಿಟ್ಟೆ.

ಹೀಗೇ ಆರು ವರ್ಷ ಹೋಯಿತು. ಮೊಳಕಾಲ್ಮೂರಿನಿಂದ ಫೋನು ಬಂತು, ಅವಳಿಗೆ ಚೆನ್ನಾಗಿಲ್ಲ, ಬನ್ನಿ ಎಂದು. ಹೊರಡುವಾಗ ಯಾಕೋ ಒಂದು ಗಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು, ಬೆನ್ನು ಚಿಕ್ಕ ಹುಡುಗಿಯದರ ಹಾಗಾಗಿತ್ತು. ಗಟ್ಟಿಯನ್ನು ಕೈಗೆ ಕೊಟ್ಟೆ. ಕಣ್ಣು ತೆರೆಯದೆ ಉಗುರಿನಿಂದ ತುದಿಯನ್ನು ಸವರಿ, ಗುಳಿಯನ್ನು ಹುಡುಕಿ, ಅಲ್ಲಿ ಉಗುರು ನಿಲ್ಲಿಸಿದಳು. ಆಮೇಲೆ ಕಣ್ಣು ಬಿಟ್ಟು ನೋಡಿದಳು.

‘ಕರ್ರಗಾಗೈತೆ,’ ಎಂದಳು. ‘ಈಗ ಚೆನ್ನಾಗೈತಕ್ಕ.’

ಅವಾಗಲಾದರೂ ಹೇಳಬಹುದಿತ್ತು. ನೀರು ಕುಡೀತೀಯಾ ಎಂದು ಕೇಳಿದೆ.

ಎರಡು ದಿನಕ್ಕೆ ಹೋದಳು. ಮಣ್ಣಿಗೆ ಬಂದ ಜನ ಎಷ್ಟೆಂದರೆ ಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನೇಯುವವರು, ಅಕ್ಕಸಾಲಿಗಳು, ರಾಂಪುರದಿಂದ ತೆಲುಗಿನಲ್ಲಿ ಅಳುತ್ತ ಬಂದ ಮುದುಕಿಯರು. ಒಬ್ಬಳು ತನ್ನ ಕಾಲುಂಗುರ ತೋರಿಸಿ, ಅಮ್ಮ ನೋಡಿ ಹೇಳಿದ ಮೇಲೇ ಹಾಕಿಕೊಂಡಿದ್ದು ಎಂದು ಅತ್ತಳು. ಮೊಳಕಾಲ್ಮೂರಿನವರಿಗೆ ಅವಳು ಕಳ್ಳಿಯಾಗಿರಲಿಲ್ಲ. ಚಳ್ಳಕೆರೆಯಿಂದ ನಮ್ಮ ಮನೆಯವರನ್ನು ಬಿಟ್ಟು ಒಬ್ಬರೂ ಬಂದಿರಲಿಲ್ಲ. ಅಷ್ಟು ಜನರನ್ನು ನೋಡಿ, ನಾನು ಸತ್ತರೆ ಇದರಲ್ಲಿ ಕಾಲು ಭಾಗವಾದರೂ ಬರುತ್ತಾರೆಯೇ ಎಂದುಕೊಂಡೆ. ಹೆಣದ ಮುಂದೆ ನಿಂತು ಹೊಟ್ಟೆಕಿಚ್ಚು ಪಟ್ಟವಳು ನಾನು. ಆಮೇಲೆ, ಚಳ್ಳಕೆರೆಯವರು ಯಾಕೆ ಬರಲಿಲ್ಲ ಎಂಬುದೂ ಹೊಳೆಯಿತು.

ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಚಳ್ಳಕೆರೆಗೆ ಬಂದೆ. ನಮ್ಮ ಮನೆಯ ಮುಂದೆಯೇ ಹಾದರೂ ಒಳಗೆ ಹೋಗಲಿಲ್ಲ. ಬೀದಿಯ ತುದಿಯ ಮನೆಯಾಕೆ ಬಾಗಿಲಿಗೆ ನೀರು ಹಾಕುತ್ತಿದ್ದಳು, ನಾನು ಮೊಟ್ಟಮೊದಲು ಕಳ್ಳಿ ಎಂದು ಹೇಳಿದ್ದು ಅವಳಿಗೇ. ನನ್ನ ವಾರಗಿತ್ತಿ ಕದ್ದಿರಲಿಲ್ಲ, ತಿಕ್ಕಿ ಸವೆಸಿದ್ದು ನಾನು, ನಿನಗೆ ಸುಳ್ಳು ಹೇಳಿದ್ದೆ ಎಂದೆ. ಅವಳು ಬಿಂದಿಗೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

‘ಒಳಗೆ ಬಾ ಅಕ್ಕ, ಕಾಫಿ ಕುಡಿದು ಹೋಗುವಂತೆ.’

‘ಬ್ಯಾಡ,’ ಎಂದೆ. ‘ಇನ್ನೂ ಆರು ಮನೆ ಐತೆ.’